ಹುಲ್ಲುಮೊಲದ ಎಂಟು ಹೊರೆ

ದೆಜಿದ್ ತನ್ನ ನಮೂನೆಗಳನ್ನು ಕೆಳಗಿನಿಂದ ಮೇಲಕ್ಕೆ ತುಂಬುತ್ತಿದ್ದಳು. ಆರೋಗ್ಯ ಕಚೇರಿಯವರು ಅಚ್ಚು ಹಾಕಿಸಿದ ಹಾಳೆಯಲ್ಲಿ ಮೊದಲ ಪ್ರಶ್ನೆ ‘ರೋಗಿಯ ತೊಂದರೆ ಏನು?’ ಎಂದಿತ್ತು. ಕಟ್ಟಕಡೆಯದು ‘ಇತರೆ’. ಅವಳು ಇತರೆಯಿಂದ ಶುರು ಮಾಡಿದರೆ ಮೊದಲ ಪ್ರಶ್ನೆಗೆ ಬರುವ ಹೊತ್ತಿಗೆ ಮೂರು ಬಟ್ಟಲು ಉಪ್ಪುಚಹಾ ಮುಗಿದಿರುತ್ತಿತ್ತು. ‘ಹಸು ಕರೆಯುವುದು ಈಗ ಸೊಸೆ.’ ‘ಸಗಣಿ ಆಯುವ ಬುಟ್ಟಿ ಅರ್ಧವೇ ತುಂಬುತ್ತದೆ.’ ‘ಹೊಸ್ತಿಲು ದಾಟುವಾಗ ಎಡಗೈ ಬಾಗಿಲ ಚೌಕಟ್ಟಿನ ಮೇಲೆ.’ ಹೀಗೆ ಹಾಳೆಯ ಬೆನ್ನಿನ ಮೇಲೂ ಬರೆದಿರುತ್ತಿದ್ದಳು.

“ಇದೇನು ಆರೋಗ್ಯದ ಹಾಳೆಯೋ, ದನಗಣತಿಯೋ?” ಎಂದು ಮೇಲಧಿಕಾರಿ ಒಮ್ಮೆ ಕೇಳಿದ್ದರು.

“ಎರಡೂ ಒಂದೇ ಡೇರೇಲಿ ಸಿಗುತ್ತೆ ಸಾರ್. ಎರಡು ಸಲ ಪೆಟ್ರೋಲ್ ಸುಡೋದ್ಯಾಕೆ ಅಂತ” ಎಂದಿದ್ದಳು.

ಹಾಂಗಾಯ್ ಬೆಟ್ಟಗಳ ಆ ಕಣಿವೆಯಲ್ಲಿ ನೂರಹದಿನೆಂಟು ಡೇರೆಗಳಿಗೆ ಅವಳೊಬ್ಬಳೇ ನರ್ಸು. ಇಪ್ಪತ್ತೆರಡು ವರ್ಷಗಳಲ್ಲಿ ಮೂರು ಮೋಟಾರ್ ಸೈಕಲ್ ಸವೆಸಿದ್ದಳು. ಅಲ್ಲಿ ‘ಹೇಗಿದ್ದೀರಿ’ ಎಂದರೆ ಬರುವ ಉತ್ತರ ಒಂದೇ: ಚೆನ್ನಾಗಿದ್ದೀವಿ. ಕಾಲು ಮುರಿದವನೂ ಹಾಗೇ ಹೇಳುತ್ತಾನೆ, ಜ್ವರದಲ್ಲಿ ನಡುಗುವವಳೂ. ವಂಚಿಸಬೇಕೆಂದಲ್ಲ. ಬಂದವರ ಮುಂದೆ ಬಾಗಿಲಲ್ಲೇ ಕೆಟ್ಟ ಮಾತು ಎತ್ತಬಾರದು, ಅಷ್ಟೆ. ಮೊದಲು ಹುಲ್ಲು, ಮಳೆ. ಆಮೇಲೆ ಕುರಿ, ಹಸು, ಕುದುರೆ. ಮನುಷ್ಯರ ಸರದಿ ಎಲ್ಲಕ್ಕಿಂತ ಕೊನೆಗೆ. ಅದೂ ಬಂದರೆ ಬಂತು. ಆದರೆ ತನ್ನ ಹಿಂಡಿನ ವಿಷಯದಲ್ಲಿ ಯಾವ ಕುರುಬನೂ ಒಂದಕ್ಷರ ಸುಳ್ಳು ಹೇಳುವುದಿಲ್ಲ. ಹಿಂಡಿನ ಮಾತು ಬಿಚ್ಚುತ್ತ ಹೋದರೆ ಅದರ ಅಂಚಿನಲ್ಲಿ ಮನುಷ್ಯನೂ ಸಿಕ್ಕೇ ಸಿಗುತ್ತಾನೆ ಎನ್ನುವುದು ದೆಜಿದ್‌ಳ ಅನುಭವ.

ಈ ಪಾಠ ಕಲಿಯಲು ಅವಳಿಗೆ ನಾಲ್ಕು ವರ್ಷ ಹಿಡಿದಿತ್ತು. ನರ್ಸಿಂಗ್ ಶಾಲೆಯಿಂದ ಬಂದ ಹೊಸದರಲ್ಲಿ ತೂಕದ ಯಂತ್ರ ಹೊತ್ತುಕೊಂಡು ಜಮ್ಸ್ರಾನ್ ಅವರ ಡೇರೆಗೆ ಹೋಗಿದ್ದಳು. ಕುದುರೆ ಪಳಗಿಸುವುದರಲ್ಲಿ ಕಣಿವೆಗೆಲ್ಲ ಹೆಸರಾದವರು, ಆಗ ಐವತ್ತರ ಆಸುಪಾಸು. ಶಾಲೆಯಲ್ಲಿ ಕಲಿಸಿದ ಹಾಗೆ, “ಟೋಪಿ ತೆಗೀರಿ, ನಡುಪಟ್ಟಿ ಬಿಚ್ಚಿ, ಇದರ ಮೇಲೆ ನಿಂತ್ಕೊಳ್ಳಿ” ಎಂದಿದ್ದಳು, ಹೆಂಡತಿ ಸೊಸೆಯರ ಎದುರಿಗೇ. ಗಂಡಸಿನ ಟೋಪಿ, ನಡುಪಟ್ಟಿಗಳನ್ನು ಇನ್ನೊಬ್ಬರು ತೆಗೆಸುವುದೆಂದರೆ ಅವನನ್ನು ಕೆಳಗೆ ಕೆಡವಿದ ಹಾಗೆ. ಕಣಿವೆಯಲ್ಲೇ ಹುಟ್ಟಿ ಬೆಳೆದ ಅವಳಿಗೆ ಅದು ಗೊತ್ತಿಲ್ಲದ್ದೇನಲ್ಲ. ಬಿಳಿ ಕೋಟು ಹಾಕಿಕೊಂಡ ಮೇಲೆ ಮರೆತುಹೋಗಿತ್ತು. ಜಮ್ಸ್ರಾನ್ ಎದ್ದು ಕುದುರೆ ಹತ್ತಿ ಹೋದರು. ಮುಂದಿನ ನಾಲ್ಕು ವರ್ಷ ಅವಳು ಹೋದಾಗಲೆಲ್ಲ ಅವರು ಬೆಟ್ಟದಾಚೆ ಇರುತ್ತಿದ್ದರು. ಐದನೆಯ ವರ್ಷ ಅವಳು ಕೋಟು ಬಿಟ್ಟು, ನಿಲುವಂಗಿ ತೊಟ್ಟು, ಮರ್ಯಾದೆಗೆಂದು ಅದರ ತೋಳನ್ನು ಮುಂಗೈವರೆಗೆ ಇಳಿಬಿಟ್ಟುಕೊಂಡು ಹೋಗಿ, ಬಾಗಿಲ ಕಡೆ ಕೂತು ಒಂದಿಡೀ ಮಧ್ಯಾಹ್ನ ಕುದುರೆಗಳ ಬಗ್ಗೆ ಮಾತ್ರ ಕೇಳಿದಳು. ಹೊರಡುವಾಗ ಅವರು, “ಮುಂದಿನ ಸಲ ಆ ಗಾಳಿ ಚೀಲಾನೂ ತಗೊಂಬಾ ಮಗಳೇ. ತೋಳಿಗೆ ಸುತ್ತಿಸ್ಕೊಂಡು ನೋಡೋಣ” ಎಂದಿದ್ದರು.

ಈಗ ಅವರಿಗೆ ಎಪ್ಪತ್ತೊಂದು. ದೆಜಿದ್ ಅವರ ಡೇರೆಗೆ ಬಂದದ್ದು ಸೆಪ್ಟೆಂಬರ್ ಮೊದಲ ವಾರ. ಇನ್ನು ಮೂರು ದಿನಕ್ಕೆ ಇಡೀ ಮನೆ ಕಣಿವೆ ಬಿಟ್ಟು, ಹಿಂಡಿನೊಂದಿಗೆ ಘಟ್ಟ ದಾಟಿ ದೂರದ ಹುಲ್ಲುಗಾವಲಿಗೆ ಹೊರಡುವುದಿತ್ತು. ಅಲ್ಲಿ ಫೋನ್ ಹಿಡಿಯುವುದಿಲ್ಲ. ಹಿಮ ಬಿದ್ದರೆ ದಾರಿಯೂ ಇಲ್ಲ. ಆಚೆ ಹೋದವರನ್ನು ಮತ್ತೆ ಪರೀಕ್ಷಿಸುವುದು ವಸಂತದಲ್ಲೇ.

ಹೆಂಡತಿ ಪಗ್ಮಾ ಚಹಾ ಬಸಿದರು. ಜಮ್ಸ್ರಾನ್ ನಿಲುವಂಗಿಯ ಎದೆಯೊಳಗಿನಿಂದ ನಶ್ಯದ ಬುಡ್ಡಿ ತೆಗೆದು, ಮುಚ್ಚಳ ಸಡಿಲಿಸಿ, ಬಲಗೈಯಲ್ಲಿ ಚಾಚಿದರು. ದೆಜಿದ್ ಬಲಗೈಯಲ್ಲೇ ತೆಗೆದುಕೊಂಡು ಮೂಸಿದಳು. ಮೈಗೊತ್ತಿಕೊಂಡಿದ್ದ ಕಲ್ಲಿನ ಬುಡ್ಡಿ ಬೆಚ್ಚಗಿತ್ತು. ಅದನ್ನು ಕೊಟ್ಟ ಬೆರಳುಗಳು ಅದಕ್ಕಿಂತ ತಣ್ಣಗಿದ್ದವು.

“ಹೇಗಿದ್ದೀರಿ ಜಮ್ಸ್ರಾನ್ ಗುವೈ?” ಎಂದಳು, ಹಿರಿಯರಿಗೆ ಸಲ್ಲುವ ‘ಗುವೈ’ ಸೇರಿಸಿ.

“ಚೆನ್ನಾಗಿದ್ದೀನಿ. ನಿನ್ನ ಕಬ್ಬಿಣದ ಕುದುರೆ ಹೇಗಿದೆ? ಬರೋವಾಗ ಕೆಮ್ಮಿದ್ದು ಇಲ್ಲಿಗೇ ಕೇಳಿಸ್ತು.”

“ಅದಕ್ಕೂ ವಯಸ್ಸಾಯ್ತು.”

“ಮಾರಿಬಿಡು. ನಾನೊಂದು ಕುದುರೆ ಕೊಡ್ತೀನಿ. ಅದು ಹುಲ್ಲು ತಿನ್ನುತ್ತೆ, ದುಡ್ಡು ತಿನ್ನಲ್ಲ.”

“ನಿಮ್ಮ ಕುದುರೆ ಹತ್ತಿದವರಿಗೆಲ್ಲ ಪಟ್ಟಿ ಕಟ್ಟಿ ಕಟ್ಟಿ ನನಗೆ ಸಾಕಾಗಿದೆ” ಎಂದಳು. ಮುದುಕರು ಗಂಟಲಲ್ಲೇ ನಕ್ಕರು.

ಮೊದಲ ಬಟ್ಟಲು ಮಳೆಯ ಮಾತಿನಲ್ಲಿ ಮುಗಿಯಿತು. ಎರಡನೆಯದಕ್ಕೆ ಕುದುರೆಗಳು ಬಂದವು. ಹಾಲು ಕೊಡುವ ಹದಿನೆಂಟು ಹೆಣ್ಣುಕುದುರೆಗಳು ರಾತ್ರಿ ದಿಣ್ಣೆಯಾಚೆ ಮೇಯುತ್ತವೆ. ಬೆಳಿಗ್ಗೆ ಅವನ್ನು ಹೊಡೆದುಕೊಂಡು ಬರುವುದು ಜಮ್ಸ್ರಾನ್ ಅವರ ಕೆಲಸ.

“ಹೋದ ವರ್ಷ ನೀವು ಬರೋದಕ್ಕೂ ಚಹಾ ಕುದಿಯೋದಕ್ಕೂ ಸರಿಹೋಗ್ತಿತ್ತು, ಅಲ್ವಾ?” ಎಂದು ದೆಜಿದ್ ಕೇಳಿದಳು.

“ಈಗ ಎರಡು ಸಲ ಕಾಯಿಸ್ತೀನಿ” ಎಂದರು ಪಗ್ಮಾ, ಒಲೆಯ ಕಡೆ ಮುಖ ಮಾಡಿಕೊಂಡೇ.

“ಕುದುರೆಗಳು ಸೋಮಾರಿ ಆಗಿವೆ. ನಮ್ಮ ಮುದುಕಿ ಚಹಾ ಬೇಗ ಇಡ್ತಾಳೆ. ಎರಡೂ ಸೇರಿದೆ” ಎಂದರು ಜಮ್ಸ್ರಾನ್.

“ಹುಲ್ಲು ಹೇಗಿದೆ ಆ ದಾರೀಲಿ?”

ಹುಲ್ಲಿನ ಮಾತಿಗೆ ಅವರ ಮುಖ ಅರಳಿತು. ಒಂಟಿ ಮರದ ಹತ್ತಿರ ಹುಲ್ಲು ಒಂದು ಗೇಣು, ತುದಿ ಮಾತ್ರ ಒಣಗಿದೆ. ದಿಣ್ಣೆಯ ನೆತ್ತಿಯಲ್ಲಿ ಇರುವೆಗೂಡಿನ ಸುತ್ತ ಇನ್ನೂ ಹಸಿರು. ಇನ್ನು ಕೆಂಪುಬಂಡೆಯ ಬುಡದಲ್ಲಿ ಒಂದು ಹುಲ್ಲುಮೊಲ ಸೇರಿಕೊಂಡಿದೆ. ಅಂಗೈಯಗಲದ, ಬಾಲವಿಲ್ಲದ, ಚಳಿಗಾಲಕ್ಕೆಂದು ಹುಲ್ಲು ಕೊಯ್ದು ಒಟ್ಟುವ ಪ್ರಾಣಿ ಅದು.

“ಆ ಬಡ್ಡೀಮಗ ನಿನ್ನೆಗೆ ಮೊಣಕಾಲೆತ್ತರ ಬಣವೆ ಒಟ್ಟಿದಾನೆ. ಒಂದೊಂದೇ ಹೊರೆ ಬಾಯಲ್ಲಿ ಕಚ್ಕೊಂಡು ಬರ್ತಾನೆ. ಮುಂದೊಂದು ನೀಲಿ ಹೂವು ಇರ್ಲೇಬೇಕು ಅವನಿಗೆ. ಮದುವೆ ದಿಬ್ಬಣದ ಥರ” ಎಂದರು.

ದೆಜಿದ್ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಕುದುರೆಯ ಮೇಲೆ ಹಾದುಹೋಗುವವನಿಗೆ ಅಂಗೈಯಗಲದ ಪ್ರಾಣಿಯ ಬಾಯಲ್ಲಿರುವ ಹೂವಿನ ಬಣ್ಣ ಕಾಣುವುದಿಲ್ಲ. ಇರುವೆಗೂಡೂ ಕಾಣುವುದಿಲ್ಲ. ಅದು ನೆಲದ ಮೇಲೆ ಕೂತವನ ಕಣ್ಣು. ಒಂಟಿ ಮರ, ಕೆಂಪುಬಂಡೆ, ನೆತ್ತಿ: ಮೂರು ಕಡೆ ಇಳಿದು ಕೂರುತ್ತಿದ್ದಾರೆ.

“ನೀವು ಕೂತಾಗ ಎಷ್ಟು ಹೊರೆ ತರುತ್ತೆ ಅದು?”

“ಎಂಟು” ಎಂದರು ಮುದುಕರು ಥಟ್ಟನೆ. “ಇವತ್ತು ಒಂಬತ್ತು” ಎಂದು ಸೇರಿಸಿದರು. ಅಷ್ಟರಲ್ಲಿ ಹೆಂಡತಿ ಒಲೆಯಿಂದ ತಿರುಗಿ ತಮ್ಮನ್ನೇ ನೋಡುತ್ತಿರುವುದು ಕಂಡು ಬಾಯಿ ಮುಚ್ಚಿಕೊಂಡರು.

“ಹುಲ್ಲು ನೋಡ್ತೀನಿ” ಎಂದರು ಕೊನೆಗೆ. “ಮುದುಕ ಹುಲ್ಲು ನೋಡಬಾರ್ದು ಅಂತ ನಿಮ್ಮ ಕಚೇರಿಯವರು ಏನಾದ್ರೂ ಕಾಗದ ಕಳಿಸಿದಾರಾ?”

“ಇಲ್ಲ. ನಾನೂ ಒಂದ್ಸಲ ನೋಡ್ಕೊಂಡು ಬರ್ತೀನಿ” ಎಂದು ದೆಜಿದ್ ಎದ್ದಳು. ಮೂರನೆಯ ಬಟ್ಟಲನ್ನು ಪಗ್ಮಾ ಮುಚ್ಚಿಟ್ಟರು.

ಮೋಟಾರ್ ಸೈಕಲನ್ನು ದೂರದಲ್ಲೇ ನಿಲ್ಲಿಸಿ ಅವಳು ಕೆಂಪುಬಂಡೆಯ ಹತ್ತಿರ ನಡೆದು ಹೋದಳು. ಬಂಡೆಯ ಪಕ್ಕ ಒಬ್ಬರು ಕೂರುವಷ್ಟಗಲ ಹುಲ್ಲು ನೆಲಕಚ್ಚಿತ್ತು. ಒಂದೆರಡು ದಿನ ಕೂತಿದ್ದರಿಂದ ಹಾಗಾಗುವುದಿಲ್ಲ. ಅಲ್ಲೇ ಕೂತು ಕೈಗಡಿಯಾರ ಬಿಚ್ಚಿ ಮಂಡಿಯ ಮೇಲಿಟ್ಟುಕೊಂಡಳು. ಸ್ವಲ್ಪ ಹೊತ್ತಿಗೆ ಹುಲ್ಲುಮೊಲ ಬಂತು. ಮುದುಕರು ಹೇಳಿದ ಹಾಗೆಯೇ ಬಾಯ ಮುಂದೊಂದು ನೀಲಿ ಹೂವು. ಅವಳಿಗೆ ನಗು ತಡೆಯಲಾಗಲಿಲ್ಲ. ಅದು ಬೆದರಿ ಬಿಲ ಸೇರಿತು. ಮತ್ತೆ ಮೊದಲಿನಿಂದ ಎಣಿಸಬೇಕಾಯಿತು. ಹತ್ತು ಹೊರೆಗೆ ಹದಿನಾಲ್ಕು ನಿಮಿಷ. ಹಾಗಾದರೆ ಎಂಟು ಹೊರೆಗೆ ಹನ್ನೊಂದು ನಿಮಿಷ, ಇವತ್ತಿನ ಒಂಬತ್ತಕ್ಕೆ ಹನ್ನೆರಡೂವರೆ. ಅದು ಒಂದು ಕಡೆಯದು, ಅಂಥವು ಮೂರು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಇಷ್ಟು ಖಚಿತವಾದ ಅಳತೆಯನ್ನು ಯಾವ ರೋಗಿಯೂ ಅವಳಿಗೆ ಕೊಟ್ಟಿರಲಿಲ್ಲ.

ಅವಳು ವಾಪಸು ಬಂದಾಗ ಜಮ್ಸ್ರಾನ್ ಡೇರೆಯ ಹೊರಗೆ, ಕುದುರೆ ಕಟ್ಟುವ ಹಗ್ಗದ ಹತ್ತಿರ ನಿಂತಿದ್ದರು.

“ಕಂಡಿತಾ?” ಎಂದರು.

“ಕಂಡಿತು. ಹೂವು ಇಲ್ಲದ ಹೊರೆ ಒಂದೂ ತರಲಿಲ್ಲ.”

“ನಾನು ಹೇಳಿರ್ಲಿಲ್ವಾ.”

“ಹನ್ನೆರಡೂವರೆ ನಿಮಿಷ ಕೂತಿದ್ರಿ ಇವತ್ತು. ಕೂರೋ ಮುಂಚೆ ಏನಾಗುತ್ತೆ?”

ಅವರು ಕುದುರೆಯ ಕತ್ತು ಸವರಿದರು. “ಕಣ್ಣಿಗೆ ಮಂಜು ಬರುತ್ತೆ. ಇಳಿದು ಕೂತರೆ ಹೋಗುತ್ತೆ. ಒಂದ್ಸಲ ಕೂರೋಕೂ ಬಿಡಲಿಲ್ಲ. ಎಚ್ಚರ ಆದಾಗ ಹುಲ್ಲಲ್ಲಿ ಬಿದ್ದಿದ್ದೆ. ಇವನು ಪಕ್ಕದಲ್ಲೇ ಮೇಯ್ತಾ ನಿಂತಿದ್ದ” ಎಂದು ಕುದುರೆಯ ಕಡೆ ಕತ್ತು ಆಡಿಸಿದರು. “ನಮ್ಮ ಮುದುಕಿಗೆ ಹೇಳ್ಬೇಡ.”

“ಡೇರೆ ಗೋಡೆ ಉಣ್ಣೆ ಕಂಬಳೀದು” ಎಂಬ ಪಗ್ಮಾ ಅವರ ದನಿ ಒಳಗಿನಿಂದ ಬಂತು. “ಎಲ್ಲಾ ಕೇಳಿಸ್ತು. ಒಳಗೆ ಬಂದು ಕೂತು ಹೇಳಿ.”

ಟೋಪಿ, ನಡುಪಟ್ಟಿ ಎರಡೂ ಇದ್ದ ಹಾಗೇ ಇರಲಿ, ಕೈಯೊಂದು ಕೊಡಿ ಸಾಕು ಎಂದಳು ದೆಜಿದ್. ಅಂಗಿಯ ತೋಳನ್ನು ಅವರೇ ಮಡಚಿಕೊಂಡು ಕೈ ಚಾಚಿದರು. ಅವಳು ಪೂರ್ತಿ ಒಂದು ನಿಮಿಷ ನಾಡಿ ಎಣಿಸಿದಳು. ನಂಬಿಕೆ ಬರದೆ ಇನ್ನೊಂದು ನಿಮಿಷ. ಪಗ್ಮಾ ಸೌಟು ಹಿಡಿದು ನಿಂತೇ ಇದ್ದರು.

“ಮೂವತ್ತೆಂಟು” ಎಂದಳು.

ಜಮ್ಸ್ರಾನ್ ಮುಖದಲ್ಲಿ ಹೆಮ್ಮೆ ಕಾಣಿಸಿಕೊಂಡಿತು. “ನನ್ನ ಓಟದ ಕುದುರೆಗೂ ಅಷ್ಟೇ. ಬೆಳಿಗ್ಗೆ ನಿಂತಲ್ಲಿ ಎಣಿಸಿದ್ರೆ ಮೂವತ್ತೆಂಟು. ಒಳ್ಳೇ ಕುದುರೆ ಲಕ್ಷಣ ಅದು.”

“ಕುದುರೆಗೆ ಒಳ್ಳೇದೇ. ನೀವು ಕುದುರೆ ಅಲ್ಲ.”

“ಐವತ್ತು ವರ್ಷದಿಂದ ನಾನೂ ಅದನ್ನೇ ಹೇಳ್ತಿದ್ದೀನಿ” ಎಂದರು ಪಗ್ಮಾ.

ಮೂವರೂ ನಕ್ಕರು. ಪಗ್ಮಾ ನಗುತ್ತಲೇ ಕಣ್ಣೊರೆಸಿಕೊಂಡರು. ಆಮೇಲೆ ದೆಜಿದ್ ಬಿಡಿಸಿ ಹೇಳಿದಳು: ಗುಂಡಿಗೆ ಬಡಿಯಲು ಅದರ ಮೇಲ್ಭಾಗದಿಂದಲೇ ಅಪ್ಪಣೆ ಬರುತ್ತದೆ, ಅದು ದಾರಿಯಲ್ಲೇ ತಪ್ಪಿಹೋಗುತ್ತಿರಬೇಕು, ಪರೀಕ್ಷೆ ಮಾಡಿ ಅದೇ ಎಂದಾದರೆ, ಅಪ್ಪಣೆ ಕೊಡುವ ಒಂದು ಪುಟ್ಟ ಯಂತ್ರವನ್ನು ಚರ್ಮದ ಕೆಳಗೆ ಇಡುತ್ತಾರೆ, ರಾಜಧಾನಿಯಲ್ಲಿ ಹತ್ತು ದಿನ. ಈ ಸ್ಥಿತಿಯಲ್ಲಿ ಘಟ್ಟ ಹತ್ತಿದರೆ ಮತ್ತೆ ಇಳಿದು ಬರುತ್ತೀರೆಂದು ನಾನು ಹೇಳಲಾರೆ.

ಮುದುಕರು ಘಟ್ಟದ ಮಾತೇ ಆಡಲಿಲ್ಲ. ಚಹಾದ ಮೇಲಿನ ಕೆನೆಯನ್ನು ಊದಿ ಸರಿಸಿ, “ಅಲ್ಲಿ ನಡುಪಟ್ಟಿ ಬಿಚ್ಚು ಅಂತಾರಾ?” ಎಂದು ಕೇಳಿದರು.

ಇಪ್ಪತ್ತೆರಡು ವರ್ಷದ ಹಿಂದಿನ ತೂಕದ ಯಂತ್ರ ದೆಜಿದ್‌ಳ ಕಣ್ಣ ಮುಂದೆ ಬಂತು. “ಬಿಚ್ಚಲೇಬೇಕಾಗುತ್ತೆ” ಎಂದಳು. “ಆದರೆ ಬೇರೆ ಯಾರೂ ಕೈ ಹಾಕಲ್ಲ. ನೀವೇ ಬಿಚ್ಚಿ, ನೀವೇ ಮಡಚಿ, ಟೋಪಿ ಜೊತೆಗೆ ತಲೆಗಿಂತ ಎತ್ತರದಲ್ಲಿ ಇಟ್ಕೋತೀರಿ. ಆ ಹೊತ್ತಲ್ಲಿ ಹೆಂಗಸರು ಆಚೆ ಇರ್ತಾರೆ. ಈಗಲೇ ಬರೆದು ಕೊಡ್ತೀನಿ.”

“ಚೀಟೀಲಿ ಇದೆಲ್ಲಾ ಬರೀತಾರಾ?”

“ಇತರೆ ಅಂತ ಒಂದು ಸಾಲಿದೆ.”

ಅವಳು ಬರೆದದ್ದನ್ನು ಅವರು ಓದಿಸಿಕೊಂಡು ಕೇಳಿದರು, ಎರಡು ಸಲ. ಆಮೇಲೆ ತಲೆಯಾಡಿಸಿದರು. ಮಗ ಸೊಸೆ ಹಿಂಡು ಹೊಡೆದುಕೊಂಡು ಘಟ್ಟ ಹತ್ತುವುದು, ಮುದುಕ ಮುದುಕಿ ರಾಜಧಾನಿಗೆ ಹೋಗುವುದು ಎಂದಾಯಿತು. ದೆಜಿದ್ ಅಲ್ಲಿನ ವಾರ್ಡಿನ ನರ್ಸಿಗೆ ಫೋನ್ ಮಾಡಿ, ಚೀಟಿಯ ಕೊನೆಯ ಸಾಲನ್ನು ಮೊದಲು ಓದಬೇಕೆಂದು ಹೇಳಿದಳು.

ಮೇ ತಿಂಗಳಲ್ಲಿ ಅವಳು ಮತ್ತೆ ಆ ಡೇರೆಗೆ ಹೋದಾಗ ಬಾಗಿಲಲ್ಲಿ ಪಗ್ಮಾ ಒಬ್ಬರೇ ಇದ್ದರು. ಚಹಾ ಇನ್ನೂ ಕುದಿ ಬಂದಿರಲಿಲ್ಲ. ದಿಣ್ಣೆಯ ಕಡೆಯಿಂದ ಗೊರಸಿನ ಸದ್ದು ಕೇಳಿತು. ಕುದುರೆಗಳ ಹಿಂದೆ ಜಮ್ಸ್ರಾನ್ ಬಂದು, ಏನನ್ನೂ ಆತುಕೊಳ್ಳದೆ ಜೀನಿನಿಂದ ಇಳಿದರು. ನಡುಪಟ್ಟಿ ಹೊಸದು, ಕಿತ್ತಳೆ ಬಣ್ಣದ ರೇಷ್ಮೆಯದು.

“ವಾರ್ಡಿನ ಹುಡುಗಿ ಬಾಗಿಲ ಆಚೆಯಿಂದಾನೇ ಕೇಳಿದ್ಲು, ಅಜ್ಜಾ ಆಯ್ತಾ ಅಂತ” ಎಂದು ಹೇಳುತ್ತ ನಶ್ಯದ ಬುಡ್ಡಿ ಚಾಚಿದರು. ಚಳಿಗಾಲವೆಲ್ಲ ಎಲ್ಲರಿಗೂ ಹೇಳಿ ಸವೆದ ಮಾತೆಂದು ಪಗ್ಮಾ ಅವರ ಮುಖ ನೋಡಿದರೇ ತಿಳಿಯುತ್ತಿತ್ತು. ಬೆರಳುಗಳು ಬುಡ್ಡಿಯಷ್ಟೇ ಬೆಚ್ಚಗಿದ್ದವು.

ದೆಜಿದ್ ಬುಡ್ಡಿ ಮೂಸಿ ಹಿಂದಿರುಗಿಸಿದಳು. “ಹುಲ್ಲುಮೊಲ ಚಳಿಗಾಲ ಕಳೀತಾ? ಬಣವೆ ಸಾಕಾಯ್ತಾ ಅದಕ್ಕೆ?”

ಜಮ್ಸ್ರಾನ್ ದಿಣ್ಣೆಯ ಕಡೆ ತಿರುಗಿ ನೋಡಿದರು. “ಗೊತ್ತಿಲ್ಲ ಮಗಳೇ” ಎಂದರು, ಸ್ವಲ್ಪ ನಾಚಿಕೊಂಡು. “ಆ ಕಡೆ ನೋಡೋಕೆ ಪುರುಸೊತ್ತೇ ಆಗಿಲ್ಲ.”

ದೆಜಿದ್ ಚೀಲದಿಂದ ಹಾಳೆ ತೆಗೆದು, ಕಟ್ಟಕಡೆಯ ಸಾಲಿನಲ್ಲಿ ಆ ಮಾತನ್ನೇ ಬರೆದುಕೊಂಡಳು.