ಚಂದ್ರನ ಮಣ್ಣು ಜರಡಿ ಹಿಡಿದವರು

ಹಿರಿಯಡ್ಕದ ಆ ಶೆಡ್ಡಿನಲ್ಲಿ ಧೂಳು ತಾಗಬಾರದೆಂದು ಎಲ್ಲರೂ ಕಾಳಜಿ ವಹಿಸುತ್ತಿದ್ದದ್ದು ಒಂದೇ ವಸ್ತುವಿಗೆ: ಚಂದ್ರನ ಮೇಲೆ ಓಡಬೇಕಾದ ಪುಟ್ಟ ಬಂಡಿಗೆ. ಅದರ ಪ್ರತಿ ಕೀಲಿಗೂ ರಬ್ಬರಿನ ಮುಚ್ಚಳವಿತ್ತು. ಪರೀಕ್ಷೆ ಮುಗಿದೊಡನೆ ಅದರ ಮೈಮೇಲಿನ ಧೂಳನ್ನೆಳೆಯಲು ಸೊಂಡಿಲಿನಂಥ ಕೊಳವೆಯುಳ್ಳ ಹೀರುಯಂತ್ರವಿತ್ತು.

ಕಂಪನಿ ಸಣ್ಣದು. ಮಣಿಪಾಲದಲ್ಲಿ ಎರಡು ಕೋಣೆಗಳ ಕಚೇರಿ, ಹಿರಿಯಡ್ಕದಲ್ಲಿ ಬಾಡಿಗೆಗೆ ಹಿಡಿದ, ಹಿಂದೆ ಗೇರುಬೀಜದ ಕಾರ್ಖಾನೆಯಾಗಿದ್ದ ಈ ಶೆಡ್ಡು. ತಮ್ಮ ಕೆಲಸವನ್ನು ಸರಕಾರಿ ಶಾಲೆಯ ಮಕ್ಕಳಿಗೆ ತೋರಿಸಬೇಕೆಂದು ಅವರಿಗೆ ಅನಿಸಿತ್ತು. ವಿವರಣೆಯ ಫಲಕಗಳನ್ನು ಕನ್ನಡದಲ್ಲಿ ಬರೆದುಕೊಡಲು ನಾನು ಕಾಪುವಿನಿಂದ ಬಸ್ಸು ಹಿಡಿದು ಬರುತ್ತಿದ್ದೆ. ನಾನು ಕಲಿತ ಶಾಲೆಯಲ್ಲಿ ಮಕ್ಕಳೂ ಶಿಕ್ಷಕರೂ ಸರದಿಯ ಪ್ರಕಾರ ಶೌಚಾಲಯ ತೊಳೆಯುತ್ತಿದ್ದೆವು. ಯಾರ ದುಡಿಮೆಯೂ ಕಾಣದಂತೆ ಮರೆಯಾಗಬಾರದೆಂಬುದನ್ನು ಆ ಶಾಲೆ ಪೊರಕೆಯ ಮೂಲಕವೇ ಕಲಿಸಿತ್ತು. ಹಾಗಾಗಿ ಮೊದಲ ದಿನವೇ ನಾನು ಶೆಡ್ಡಿನ ಹಿಂಬದಿಗೆ ಹೋದೆ.

ಅಲ್ಲಿ ತಗಡಿನ ಮಾಡಿನ ಕೆಳಗೆ ಇಬ್ಬರು ಹೆಂಗಸರು ಜರಡಿ ಹಿಡಿಯುತ್ತಿದ್ದರು. ಕಾರ್ಕಳದ ಕಡೆಯ ಕ್ರಷರಿನಿಂದ ತಂದ ಕಲ್ಲಿನ ಪುಡಿಯದು. ಮೈಪೌಡರಿನಷ್ಟು ನಯವಾದ ಮೇಲೆ ಅದನ್ನು ಒಳಗಿನ ಅಂಕಣದಲ್ಲಿ ಹರಡಿ, ಚಂದ್ರನ ನೆಲವೆಂದು ಬಂಡಿಯನ್ನು ಅದರ ಮೇಲೆ ಓಡಿಸುತ್ತಿದ್ದರು. ನಮ್ಮ ಕರಾವಳಿಯ ತೇವಕ್ಕೆ ಪುಡಿ ರಾತ್ರಿ ಕಳೆಯುವುದರೊಳಗೆ ಗಂಟುಕಟ್ಟುವುದರಿಂದ ಈ ಕೆಲಸ ಪ್ರತಿದಿನವೂ ಇತ್ತು. ಹೆಂಗಸರ ಮೂಗಿಗೆ ರಕ್ಷಣೆಯೆಂದರೆ ಅವರ ಸೀರೆಯ ಸೆರಗು ಮಾತ್ರ.

“ಏನ್ ಬರೀತೀರಿ ಅಕ್ಕಾರ?” ಎಂದು ಅವರಲ್ಲಿ ಹಿರಿಯಳು ಕೇಳಿದಳು. ಬಾಗಲಕೋಟೆಯ ಕಡೆಯವಳು, ಗಂಡನಿಗೆ ಕಾಂಕ್ರೀಟಿನ ಕೆಲಸ.

“ಚಂದ್ರನ ಬಗ್ಗೆ.”

“ಚಂದ್ರ ನಮ್ಮ ಮೂಗಿನಾಗ ಅದಾನ. ನೋಡಿ ಬರೀರಿ.”

ಇಬ್ಬರೂ ನಕ್ಕರು. ಹಿರಿಯಳ ನಗು ಕೆಮ್ಮಿಗೆ ತಿರುಗಿತು, ಆ ಕೆಮ್ಮು ಬಹಳ ಹೊತ್ತಿನವರೆಗೆ ನಿಲ್ಲಲೇ ಇಲ್ಲ. ಮಳೆಗಾಲ ಮುಗಿದಾಗಿನಿಂದ ಹೀಗೆಯೇ ಎಂದಳು.

ಮಾಸ್ಕಿಲ್ಲ, ಆರೋಗ್ಯ ತಪಾಸಣೆಯಿಲ್ಲ, ಹೆಂಗಸರನ್ನು ಕರೆತಂದ ಗುತ್ತಿಗೆದಾರನನ್ನು ನಡುವೆ ನಿಲ್ಲಿಸಿ ಹೊಣೆಯಿಂದ ನುಣುಚಿಕೊಳ್ಳುವುದು ಬೇರೆ. ಇಷ್ಟನ್ನೂ ನಾನು ಮಣಿಪಾಲದ ಕಚೇರಿಯಲ್ಲಿ ಕಂಪನಿಯ ನಿರ್ದೇಶಕರ ಮುಂದೆ ಹೇಳಿದೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಮಾತಿನಲ್ಲಿ ಸೌಮ್ಯರು. ಪುಡಿಗೆ ನೀರು ಚಿಮುಕಿಸಿ ಎಂದಾಗ ಅವರಿಗೆ ನಗು ಬಂತು.

“ಎಂತ ಮೇಡಂ, ನಮ್ಮ ಬಂಡಿ ಇಳಿಯುವಲ್ಲಿ ನೀರು ಉಂಟಾ? ನೆನೆಸಿದ್ರೆ ಅದು ಗದ್ದೆಯ ಕೆಸರು ಆಗ್ತದೆ.”

“ಹಾಗಾದರೆ ಹೀರುಯಂತ್ರವನ್ನು ಜರಡಿಯ ಪಕ್ಕದಲ್ಲಿಡಿ.”

“ಅದು ಬಂಡಿಗೆ ಅಂತ ತರಿಸಿದ್ದು. ಫಿಲ್ಟರ್ ಹಾಳಾದ್ರೆ ಬಂಡಿ ಗತಿ ಎಂತ?”

“ಅವರ ಶ್ವಾಸಕೋಶ ಹಾಳಾದರೆ?”

“ಅವರು ಕಾಂಟ್ರಾಕ್ಟರ್ ಜನ ಅಲ್ವಾ,” ಎಂದವರು ನೋಟ ತಗ್ಗಿಸಿದರು. ಆ ತಗ್ಗಿದ ನೋಟವನ್ನು ನಾನು ಕ್ಷಮಿಸಲಾರೆ. ತಾವು ಆಡಿದ್ದು ಏನೆಂದು ಅವರಿಗೆ ಗೊತ್ತಿತ್ತು. ಒಂದು ಕ್ಷಣದ ನಂತರ ಅವರೇ ಪರಿಹಾರ ಸೂಚಿಸಿದರು: “ಇಷ್ಟು ರಗಳೆ ಇದ್ರೆ ಜರಡಿಗೇ ಒಂದು ಯಂತ್ರ ತರಿಸ್ತೇವೆ ಮಾರಾಯ್ರೆ. ಆ ಹೆಂಗಸರೇ ಬೇಡ. ಆಯ್ತಲ್ಲ?”

ಅನ್ಯಾಯವನ್ನು ತೋರಿಸಿದರೆ ಅನ್ಯಾಯಕ್ಕೆ ಒಳಗಾದವರನ್ನೇ ತೆಗೆದುಹಾಕುವ ಈ ಜಾಣತನವನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ಹಿರಿಯಡ್ಕಕ್ಕೆ ಮರಳಿ, ಶೆಡ್ಡಿನ ಹಿಂಬದಿಗೆ ಹೋಗಿ ಆ ಹಿರಿಯಳಿಗೆ ನಡೆದದ್ದನ್ನು ತಿಳಿಸಿದೆ. ಅವಳು ಜರಡಿ ಕೆಳಗಿಟ್ಟಳು.

“ಕೆಲಸ ಬಿಡಿಸಬ್ಯಾಡ್ರಿ ಅಕ್ಕಾರ, ಧೂಳ ಬಿಡಿಸ್ರಿ. ಎರಡೂ ಬ್ಯಾರೆ ಬ್ಯಾರೆ ಅದಾವ. ನನ್ನ ಮಗಳ ಸಾಲಿ ಇಲ್ಲೇ ಹತ್ರ ಐತಿ.”

ಹೀರುಯಂತ್ರ ಜರಡಿಯ ಬಳಿ ಬರುವವರೆಗೆ ಫಲಕಗಳನ್ನು ಕೊಡುವುದಿಲ್ಲವೆಂದು ನಾನು ಕಚೇರಿಗೆ ತಿಳಿಸಿದೆ. ಅವರೇನೂ ವಿಚಲಿತರಾಗಲಿಲ್ಲ. ಮಕ್ಕಳು ಕಾಯಬಹುದಂತೆ, ಮೊದಲು ಹೂಡಿಕೆದಾರರು ಬಂಡಿ ನೋಡಲು ಬರುವವರಿದ್ದರು.

ಅವರು ಬರುವ ದಿನ ನಾನೂ ಹೋಗಿದ್ದೆ. ಅಂಕಣಕ್ಕೆ ಹೊಸ ಪುಡಿ ಬೇಕಿತ್ತು. ಹೆಂಗಸರಿಬ್ಬರೂ ಜರಡಿಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತಿದ್ದರು.

“ಎಂತಮ್ಮ ಕೂತದ್ದು? ಅವರು ಉಡುಪಿ ಬಿಟ್ಟಾಯ್ತು!” ಎಂದರು ನಿರ್ದೇಶಕರು.

“ಆ ಸೊಂಡಿಲ ಮಷಿನ್ ಇತ್ತ ತರ್ರಿ ಸರ. ಆಮ್ಯಾಲ ಜರಡಿ,” ಎಂದಳು ಹಿರಿಯಳು.

“ಅದು ಬಂಡಿಗೆ ಇರುದು.”

“ಬಂಡಿ ಕೆಮ್ಮಾಕತ್ತೈತೇನ್ರಿ?”

ಹಿಂದೆ ನಿಂತಿದ್ದ ಎಂಜಿನಿಯರೊಬ್ಬ ನಗು ನುಂಗಿಕೊಂಡ. ನಿರ್ದೇಶಕರು ಗಡಿಯಾರ ನೋಡಿದರು, ರಸ್ತೆ ನೋಡಿದರು, ಕೊನೆಗೆ ಕೈಸನ್ನೆ ಮಾಡಿದರು. ಒಳಗಿನ ಸಿಬ್ಬಂದಿಯಲ್ಲಿ ಇಬ್ಬರು ಯಂತ್ರವನ್ನು ತಳ್ಳಿಕೊಂಡು ಬಂದರು. ಅದಕ್ಕೆ ಚಕ್ರಗಳಿದ್ದವು. ಬಾಗಿಲು ದಾಟಿಸಿ ತರಲು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಜರಡಿ ಆಡತೊಡಗಿದಾಗ ಧೂಳು ಅವಳ ಮುಖವನ್ನು ಬಿಟ್ಟು ಕೊಳವೆಯತ್ತ ತಿರುಗಿತು. ಅವಳು ಮೂಗಿಗೆ ಕಟ್ಟಿದ್ದ ಸೆರಗನ್ನು ಬಿಚ್ಚಿದಳು.

ಸಂತೋಷಪಡಬೇಕಾಗಿದ್ದ ನನಗೆ ಸಿಟ್ಟು ಬಂತು. ಒಮ್ಮೆ ತಳ್ಳಿದರೆ ಮುಗಿಯುವ ಕೆಲಸಕ್ಕೆ ಇಷ್ಟು ತಿಂಗಳ ಕೆಮ್ಮು! ಅತಿಥಿಗಳು ಬಂದು ಬಂಡಿಯನ್ನು ಹೊಗಳಿದರು. ಇಷ್ಟು ನಯವಾದ ಪುಡಿ ಎಲ್ಲಿಂದ ತರಿಸಿದ್ದೆಂದು ಕೇಳಿದರು. “ನಮ್ಮಲ್ಲೇ ತಯಾರಾದದ್ದು,” ಎಂದರು ನಿರ್ದೇಶಕರು. ಆ ‘ನಮ್ಮಲ್ಲಿ’ ಯಾರು ಸೇರುತ್ತಾರೆಂದು ಯಾರೂ ಕೇಳಲಿಲ್ಲ. ಕಾರುಗಳು ಮರೆಯಾದೊಡನೆ ಯಂತ್ರವನ್ನು ಮತ್ತೆ ಒಳಕ್ಕೆ ತಳ್ಳಿದರು.

ಮರುದಿನ ಬೆಳಿಗ್ಗೆ ನಾನು ತಲುಪುವಾಗ ಇಬ್ಬರೂ ಖಾಲಿ ಜರಡಿಗಳೊಂದಿಗೆ ಕುಳಿತಿದ್ದರು. ಗುತ್ತಿಗೆದಾರ ಒಮ್ಮೆ ಬಂದು ಗದರಿ ಹೋಗಿದ್ದನಂತೆ. ಹಿರಿಯಳು ಸರಿದು ಪಕ್ಕದಲ್ಲಿ ಜಾಗ ಮಾಡಿದಳು.

“ಬರ್ರಿ, ನೀವೂ ಕುಂದರ್ರಿ. ಬರಿಯೂದು ಆಮ್ಯಾಲ.”

ಕುಳಿತೆ. ಅಂದು ಬಂಡಿ ಓಡಲಿಲ್ಲ.