ತಾರಸಿಯ ಗಾಜಿಗೆ ಆಯುಧಪೂಜೆ

ಆಯುಧಪೂಜೆ ದಿನ ನನ್ನ ಕಣ್ಣಿಗೆ ಬಿದ್ದ ಯಾವ ಯಂತ್ರವೂ ಕುಂಕುಮವಿಲ್ಲದೆ ಉಳಿಯುವುದಿಲ್ಲ. ಸ್ಕೂಟರ್, ಮಿಕ್ಸಿ, ವೈಫೈ ಡಬ್ಬಿ, ಎಲ್ಲಕ್ಕೂ ಇಡಲೇಬೇಕು. (ಹೆಂಡತಿಯ ಟ್ರೆಡ್‌ಮಿಲ್‌ಗೂ ಇಟ್ಟೆ. ಈ ವರ್ಷ ಅದರ ಮೇಲೆ ಬೆವರು ಸುರಿಸಿದ್ದು ಧೂಳು ಒರೆಸಿದ ನಾನೊಬ್ಬನೇ.)

ಜಕ್ಕೂರಿನ ನಮ್ಮ ಮನೆಯ ತಾರಸಿಯಲ್ಲಿ ಈ ಸಲ ಹೊಸದೊಂದು ಸೇರಿತ್ತು. ಅಂಗೈ ಅಗಲದ ನಾಲ್ಕು ಕಪ್ಪು ಗಾಜುಗಳು, ಅವಕ್ಕೆ ವೈರು. ಮಹಡಿಯಲ್ಲಿ ಬಾಡಿಗೆಗಿರುವ ಸವಿತಾಳದು. ಬಾಗಲಕೋಟೆಯ ಹುಡುಗಿ, ಪಿಎಚ್‌ಡಿ ಮಾಡುತ್ತಾಳೆ. ಹೊಸ ಬಗೆಯ ಸೋಲಾರ್ ಸೆಲ್ ಅಂತೆ. ಸಿಲಿಕಾನ್ ಬದಲು ಬೇರೇನೋ ವಸ್ತುವನ್ನು ಗಾಜಿಗೆ ಬಣ್ಣದಂತೆ ತೆಳ್ಳಗೆ ಹಚ್ಚುವುದು. ಬಿಸಿಲಲ್ಲಿ ಎಷ್ಟು ದಿನ ಬಾಳುತ್ತದೆಂದು ಎರಡು ತಿಂಗಳಿಂದ ಅಳೆಯುತ್ತಿದ್ದಳು. ನಾಲ್ಕು ಹನಿ ಬಿದ್ದರೂ ಓಡಿಬಂದು ಮುಚ್ಚಳ ಹಾಕುವಳು. ಗಾಜಿಗೆ ನೆಗಡಿ ಆಗುತ್ತದಾ ಎಂದು ನಾನು ರೇಗಿಸುತ್ತಿದ್ದೆ.

ಹಬ್ಬಕ್ಕೆ ಅವಳು ಊರಿಗೆ ಹೋಗಿದ್ದಳು. ಪಾಪ, ಅವಳ ಆಯುಧಕ್ಕೆ ಪೂಜೆ ಬೇಡವೇ? ಮುಚ್ಚಳ ತೆಗೆದು ಎರಡು ಚೊಂಬು ನೀರು ಸುರಿದೆ, ಚೆನ್ನಾಗಿ ಉಜ್ಜಿದೆ, ಅರಿಶಿನ ಕುಂಕುಮ ಹಚ್ಚಿದೆ. ಮೇಲೊಂದು ಕುಯ್ದ ನಿಂಬೆಹಣ್ಣು.

ಮೂರನೇ ದಿನ ಬಂದವಳು ತಾರಸಿಯಿಂದಲೇ ಕೂಗಿದಳು.

"ಅಂಕಲ್, ಇವು ಯಾಕ ಹಳದಿ ಆಗ್ಯಾವ್ರಿ?"

"ಅರಿಶಿನ ಕಣಮ್ಮಾ, ಒರೆಸಿದ್ರೆ ಹೋಗುತ್ತೆ."

"ಮ್ಯಾಲಲ್ರಿ, ಒಳಗ. ನೀರು ಹೊಕ್ಕೇತಿ. ಸತ್ತುಹೋಗ್ಯಾವ್ರಿ ಇವು."

ನಾನು ಮೇಲೆ ಹೋದಾಗ ಗಾಜುಗಳನ್ನು ಮಡಿಲಲ್ಲಿಟ್ಟುಕೊಂಡು ನೀರಿನ ಟ್ಯಾಂಕಿನ ಪಕ್ಕ ಕುಳಿತಿದ್ದಳು. ಸೋಮವಾರ ಪಿಎಚ್‌ಡಿ ಗೈಡ್ ಮುಂದೆ ಇಡಬೇಕಿದ್ದ ಕೆಲಸವದು. ನನಗೆ ನಾಚಿಕೆಯಾಯಿತು. ಮಧ್ಯಾಹ್ನದ ಊಟವೂ ಸೇರಲಿಲ್ಲ.

ಸೋಮವಾರ ಸಂಜೆ ನೋಡಿದರೆ ಅವಳು ನಗುತ್ತಾ ಬರುತ್ತಿದ್ದಾಳೆ! ಗೈಡ್ ಬೈದರಂತೆ. ನನ್ನನ್ನಲ್ಲ, ಅವಳನ್ನು. "ನಾಳೆ ಈ ಸೆಲ್ ಯಾರ ಮನೆ ಮೇಲೆ ಕೂರುತ್ತಮ್ಮಾ? ಇಂಥ ಅಂಕಲ್ ಇಲ್ಲದ ಮನೆ ಬೆಂಗಳೂರಲ್ಲಿದ್ಯಾ? ಎಷ್ಟು ದಿನ ಮುಚ್ಚಳ ಹಿಡ್ಕೊಂಡು ಓಡ್ತೀಯ? ಮೊದಲು ಅಂಚು ಸರಿಯಾಗಿ ಸೀಲ್ ಮಾಡು."

ನಿಜ ತಾನೇ? ನಮ್ಮ ಟಿವಿ, ಫ್ರಿಜ್ಜುಗಳೆಲ್ಲ ಬಿಸಿಲು ಮಳೆಯನ್ನಲ್ಲ, ವರ್ಷವರ್ಷವೂ ನಮ್ಮ ಭಕ್ತಿಯನ್ನು ತಾಳಿಕೊಂಡು ಬದುಕಿವೆ.

ನಿನ್ನೆ ಹೊಸ ಗಾಜುಗಳು ಬಂದವು, ಅಂಚಿಗೆ ದಪ್ಪನೆಯ ಸೀಲು.

"ಅಂಕಲ್, ಪೂಜಾ ಮಾಡ್ರಿ. ಬಕೇಟ್ ತುಂಬ ನೀರು ತರ್ರಿ. ಹಿಂದ ಮುಂದ ನೋಡಬ್ಯಾಡ್ರಿ."

ಕರೆಂಟ್ ಅಳೆಯುವ ಮೀಟರ್ ಹಿಡಿದು ಪಕ್ಕದಲ್ಲೇ ನಿಂತಳು. ನಾನು ನೀರು ಸುರಿದು, ಕುಂಕುಮ ಇಟ್ಟು ಕೈಮುಗಿದೆ.

ದೇವರೇ, ಈ ಪೂಜೆಯಿಂದ ಏನೂ ಆಗದೇ ಇರಲಿ ಎಂದು ಬೇಡಿಕೊಂಡ ಭಕ್ತ ನಾನೊಬ್ಬನೇ ಇರಬೇಕು!