ಸುತ್ತುಚಿತ್ರದ ನಡುವೆ ಅಮ್ಮ

ಕೋಲಾರದಲ್ಲಿ ಮುಚ್ಚಿಹೋಗಿದ್ದ ಟಾಕೀಸೊಂದರಲ್ಲಿ ಪುಟ್ಟ ಮ್ಯೂಸಿಯಂ ಮಾಡಿದ್ದಾರೆಂದು ತಿಳಿದು, ಅಮ್ಮನನ್ನು ಯಲ್ದೂರಿನಿಂದ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಸಿನಿಮಾ ಎಂದರೆ ಪ್ರಾಣ ಬಿಡುವವಳು, ಹಳೇ ಪ್ರೊಜೆಕ್ಟರುಗಳನ್ನು ನೋಡಿ ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ಅವಳು ಅವುಗಳತ್ತ ತಿರುಗಿಯೂ ನೋಡಲಿಲ್ಲ. ಒಳಗಿನ ದುಂಡನೆಯ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟಳು.

ಆ ಕೋಣೆಯ ಗೋಡೆಯ ಸುತ್ತಲೂ ಒಂದೇ ಚಿತ್ರ. ಊರಾಚೆಯ ಬೆಟ್ಟದ ನೆತ್ತಿಯಿಂದ ಕಾಣುವ ಕೆರೆ, ಬಂಡೆಗಳು, ಮಾವಿನ ತೋಪು, ಕೋಲಾರದ ಮನೆಗಳು. ನಡುವೆ ಎತ್ತರದ ಮರದ ಅಟ್ಟ. ಅದರ ಮೇಲೆ ನಿಂತರೆ ಬೆಟ್ಟದ ತುದಿಯಲ್ಲೇ ನಿಂತ ಹಾಗಿರುತ್ತದೆ ಎಂದು ಮ್ಯೂಸಿಯಂ ನೋಡಿಕೊಳ್ಳುವ ಹಿರಿಯರು ಹೇಳಿದರು. ಅಮ್ಮ ಕುಂಟುವುದನ್ನು ಕಂಡು, "ನೀವು ಇಲ್ಲಿಂದ್ಲೇ ನೋಡ್ಬಿಡಿ ಅಮ್ಮಾ, ಮೆಟ್ಲು ಕಡಿದಾಗಿದೆ" ಎಂದರು.

"ನಾನು ಹತ್ತೋದೇ" ಎಂದಳು ಅಮ್ಮ.

"ಬೇಡ ಕಣಮ್ಮ, ಆಮೇಲೆ ಮಂಡಿ ನೋವು ಅಂತೀಯ."

"ಲೇ, ನಿಮ್ಮಪ್ಪ, ಚಿಕ್ಕಪ್ಪಂದ್ರು ಎಲ್ಲಾ ಆ ಬೆಟ್ಟ ಹತ್ತೋವಾಗ ನಾನು ಕೆಳಗೆ ಕೂತು ಮಕ್ಕಳನ್ನ, ಚಪ್ಪಲಿಗಳನ್ನ ಕಾದಿದ್ದೀನಿ. ಹೋದಾಗೆಲ್ಲಾ ಅದೇ ಕತೆ. ಇವತ್ತು ಬೇಕಾದ್ರೆ ನೀನು ಕೆಳಗಿರು."

ಆ ಮಕ್ಕಳಲ್ಲಿ ನಾನೂ ಒಬ್ಬಳು.

ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅಟ್ಟಕ್ಕೆ ಬೆನ್ನು ಮಾಡಿ ಮೊದಲ ಮೆಟ್ಟಿಲ ಮೇಲೆ ಕೂತಳು. ಅಂಗೈ ಊರಿ ಮೈಯನ್ನು ಮೇಲಿನ ಮೆಟ್ಟಿಲಿಗೆ ಎತ್ತಿಕೊಂಡಳು. ಹಾಗೇ ಮತ್ತೊಂದಕ್ಕೆ. "ನಿದಾನಂಗಾ ಅಮ್ಮಾ" ಎಂದು ತೆಲುಗಿನಲ್ಲಿ ಎಚ್ಚರಿಸುತ್ತ ಹಿರಿಯರು ಕೈ ಚಾಚಿದರೆ, "ಹಿಡೀಬೇಡಿ" ಎಂದು ಗದರಿದಳು. ಅರ್ಧದಲ್ಲಿ ಕಣ್ಣು ಮುಚ್ಚಿ ಕೂತುಬಿಟ್ಟಾಗ, ಇಳಿಸಿಬಿಡೋಣವೆಂದು ಹತ್ತಿರ ಹೋದೆ. ಕಣ್ಣು ತೆರೆಯದೆಯೇ ಬೇಡವೆಂದು ತಲೆಯಾಡಿಸಿದಳು.

ಕೊನೆಗೂ ಮೇಲೆ ತಲುಪಿ, ಕಂಬಿ ಹಿಡಿದು ಎದ್ದು ನಿಂತಳು. ನಿಧಾನವಾಗಿ ಸುತ್ತ ತಿರುಗಿದಳು.

"ಯಲ್ದೂರು ಎಲ್ಲಿ?"

"ಅದು ದೂರ ಆಯ್ತಲ್ಲಮ್ಮ, ಚಿತ್ರದಲ್ಲಿ ಬಂದಿಲ್ಲ."

"ಆ ತೋಪಿನ ಹಿಂದೇನೇ ಇರ್ಬೇಕು. ಬರೆಸಿ."

ಹಿರಿಯರು ನಕ್ಕರು. ಅಮ್ಮ ನಗಲಿಲ್ಲ. ನನ್ನತ್ತ ಬಗ್ಗಿ, "ಬಾರೇ ಮೇಲಕ್ಕೆ. ಮೇಲಿಂದ ಇಷ್ಟು ಚೆನ್ನಾಗಿರುತ್ತೆ ಅಂತ ನಿಮ್ಮಪ್ಪ ಒಂದಿನಾನೂ ಹೇಳ್ಲಿಲ್ಲ ನೋಡು" ಎಂದಳು.

ನಾನು ಹತ್ತಿ ಹೋಗಿ ಅವಳ ಪಕ್ಕದಲ್ಲಿ ನಿಂತೆ. ಅಷ್ಟರಲ್ಲಿ, ಪಕ್ಕದ ಕೋಣೆಯಲ್ಲಿ ಸಿನಿಮಾ ಶುರುವಾಗುತ್ತದೆ, ಇಳಿದು ಬನ್ನಿ ಎಂದು ಹಿರಿಯರು ಕರೆದರು.

"ಹಾಕ್ಕೊಳ್ಳಿ ನೀವು. ನಾವಿನ್ನೂ ಮುಳಬಾಗಿಲು ಕಡೆ ನೋಡಿಲ್ಲ" ಎನ್ನುತ್ತ ಅಮ್ಮ ಆಚೆ ಬದಿಗೆ ತಿರುಗಿದಳು.